ವಾದ್ಯ ನಮ್ಮದು, ಬೀಗದ ಕೈ ಯಾರದು?

ಕೊಂಡ ಸರಕು ಕೊಂಡವನದು. ಇದು ಸಂತೆಯ ನ್ಯಾಯ. ಕೊಡಲಿ ಕೊಂಡವನು ಅದರ ಕಾವು ಬದಲಿಸಬಹುದು. ಎತ್ತು ಕೊಂಡವನು ಅದನ್ನು ತನ್ನ ಗಾಡಿಗೂ ಹೂಡಬಹುದು, ನೆರೆಯವನ ನೇಗಿಲಿಗೂ ಕೊಡಬಹುದು. ಪೇಟಿ ಕೊಂಡವನು ತಿದಿ ಹರಿದರೆ ತೊಗಲು ಹಚ್ಚಿಸಬಹುದು, ಸ್ವರ ಜಾರಿದರೆ ರೀಡು ಕೆರೆಸಬಹುದು. ತಕ್ಕಡಿಗೆ ಮಾತ್ರ ಸರಕಾರದ ಮುದ್ರೆ ಬೇಕು. ಅದು ಗಿರಾಕಿಯ ರಕ್ಷಣೆಗೆ, ತಕ್ಕಡಿ ಮಾಡಿದವನ ಲಾಭಕ್ಕಲ್ಲ. ಮಾರಿದವನು ಹಣ ಎಣಿಸಿಕೊಂಡು ಮನೆಗೆ ಹೋದ ಮೇಲೆ ಆ ಸರಕಿನ ಮೇಲೆ ಅವನ ಮಾತು ನಡೆಯುವುದಿಲ್ಲ.

ಈ ನ್ಯಾಯ ನಮ್ಮ ಕಣ್ಣೆದುರೇ ತಲೆಕೆಳಗಾಗುತ್ತಿದೆ. ಗಿರಣಿಯಲ್ಲಿ ಮಗ್ಗದ ಹಲ್ಲುಗಾಲಿ ಸವೆದರೆ ಹಿಂದೆ ಫಿಟ್ಟರ್ ಬಿಚ್ಚಿ ನೋಡುತ್ತಿದ್ದ. ಇಂದಿನ ಯಂತ್ರದೊಳಗಿನ ವಿದ್ಯುತ್ ಹಲಗೆ ಕೆಟ್ಟರೆ ಕಂಪನಿಯ ಎಂಜಿನಿಯರ್ ಬರುವ ತನಕ ಯಂತ್ರ ನಿಲ್ಲುತ್ತದೆ. ಅದರ ಜೊತೆಗೆ ಬದಲಿ ಕಾರ್ಮಿಕನ ಕೂಲಿಯೂ ನಿಲ್ಲುತ್ತದೆ. ಅಂಗಡಿಯ ಕಟ್ಟೆಯ ಮೇಲೆ ಹಣ ಬಂತೆಂದು ಕೂಗಿ ಹೇಳುವ ಪುಟ್ಟ ಪೆಟ್ಟಿಗೆ ಕುಳಿತಿದೆ. ಬಹಳ ಕಡೆ ತಿಂಗಳ ಬಾಡಿಗೆ ತೆರುವವನು ವ್ಯಾಪಾರಿ, ಅದರ ಒಡೆಯ ಬೇರೆಯವನು. ಕೈ ನಮ್ಮದು, ಉಪಕರಣ ಅವರದು. ದೇವರು ವರ ಕೊಟ್ಟರೂ ಪೂಜಾರಿ ಕೊಡ ಎಂಬ ಗಾದೆಗೆ ಇದಕ್ಕಿಂತ ತಕ್ಕ ಉದಾಹರಣೆ ಬೇಕೆ?

ಈ ವಾರ ನಾವು ಒಂದು ವಾದ್ಯದ ವಿಚಾರ ಎತ್ತಿಕೊಂಡಿದ್ದೇವೆ. ಕೂಲಿ, ಬೋನಸ್ಸು, ತೆರಿಗೆಗಳ ಮಾತು ಬಿಟ್ಟು ವಾದ್ಯದ ಗೋಜು ಏಕೆ ಎಂದು ಕೇಳುವವರು ಇರಬಹುದು. ಕೇಳಲಿ. ದೊಡ್ಡ ಯಂತ್ರದಲ್ಲಿ ಮಸುಕಾಗಿ ಕಾಣುವ ಸತ್ಯ ಕೆಲವೊಮ್ಮೆ ಸಣ್ಣ ಪೆಟ್ಟಿಗೆಯಲ್ಲಿ ಸ್ಪಷ್ಟವಾಗಿ ಕಾಣುತ್ತದೆ. ಅಲ್ಲದೆ, ದುಡಿದು ಬಂದವನಿಗೆ ರೊಟ್ಟಿಯಷ್ಟೇ ಅಲ್ಲ, ಹಾಡೂ ಬೇಕು. ಭಜನೆಯ ಮೇಳ, ನಾಟಕದ ತಂಡ, ಹಬ್ಬದ ಮೆರವಣಿಗೆ, ಇವು ಯಾವ ಧಣಿಯ ಅಪ್ಪಣೆ ಕೇಳಿ ಹುಟ್ಟಿದವು?

ಬುಟ್ಟಿಯಲ್ಲಿ ಹಿಡಿಯುವ ವಾದ್ಯ

ನ್ಯೂಜಿಲೆಂಡಿನ ವೆಲಿಂಗ್ಟನ್ ನಗರದಲ್ಲಿ ಸಿಂಥ್‌ಸ್ಟ್ರಾಮ್ ಆಡಿಬಲ್ ಎಂಬ ಚಿಕ್ಕ ಕಂಪನಿಯೊಂದಿದೆ. ಅದು ತಯಾರಿಸುವ ವಾದ್ಯದ ಹೆಸರು ಡೆಲ್ಯೂಜ್, ಮಹಾಪೂರ ಎಂದರ್ಥ. ಚೀಲದಲ್ಲಿ ಹಾಕಿಕೊಂಡು ಬಸ್ಸು ಹತ್ತಬಹುದಾದಷ್ಟು ಗಾತ್ರ. ಒಳಗೇ ಬ್ಯಾಟರಿ, ಒಳಗೇ ಸ್ಪೀಕರ್, ಒಳಗೇ ಮೈಕು. ಕಂಪ್ಯೂಟರ್ ಬೇಡ, ವಿದ್ಯುತ್ ಹೋದರೂ ನಿಲ್ಲುವುದಿಲ್ಲ. ಸ್ವರವನ್ನು ತಾನೇ ಹುಟ್ಟಿಸುತ್ತದೆ, ಹೊರಗಿನ ಸದ್ದನ್ನು ಹಿಡಿದಿಟ್ಟು ತಿರುಗಿ ನುಡಿಸುತ್ತದೆ, ಹಾಡನ್ನು ಮೊದಲಿಂದ ಕೊನೆಯವರೆಗೆ ಕಟ್ಟುತ್ತದೆ. ಕಟ್ಟಿದ ಹಾಡು ಒಂದು ಪುಟ್ಟ ಮೆಮೊರಿ ಕಾರ್ಡಿನಲ್ಲಿ ಉಳಿಯುತ್ತದೆ.

ಇದರ ಮೈಮೇಲೆ 16 ಸಾಲು ಅಗಲ, 8 ಸಾಲು ಎತ್ತರದ ದೀಪದ ಗುಂಡಿಗಳಿವೆ; ಪಕ್ಕದಲ್ಲಿ ಇನ್ನೆರಡು ಸಾಲು. ಒಟ್ಟು 144. ಎಡದಿಂದ ಬಲಕ್ಕೆ ಕಾಲ ನಡೆಯುತ್ತದೆ, ಕೆಳಗಿಂದ ಮೇಲಕ್ಕೆ ಸ್ವರ ಏರುತ್ತದೆ. ಎಲ್ಲಿ ಗುಂಡಿ ಒತ್ತಿದಿರೋ ಆ ಗಳಿಗೆಗೆ ಆ ಸ್ವರ ನುಡಿಯುತ್ತದೆ. ನೇಕಾರ ಬಂಧುಗಳಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಸೆರಗಿನ ಚಿತ್ತಾರಕ್ಕೆ ಚೌಕಳಿ ಕಾಗದದ ಮೇಲೆ ಮನೆ ತುಂಬಿ ನಕ್ಷೆ ಬರೆಯುವುದಿಲ್ಲವೆ? ನಕ್ಷೆಯ ಪ್ರಕಾರ ರಟ್ಟಿಗೆ ತೂತು ಹೊಡೆದು ಜಕಾರ್ಡ್ ಮಗ್ಗಕ್ಕೆ ಏರಿಸುವುದಿಲ್ಲವೆ? ಅದೇ ಯುಕ್ತಿ. ಅಲ್ಲಿ ತೂತು ಎಳೆಯನ್ನೆತ್ತುತ್ತದೆ, ಇಲ್ಲಿ ದೀಪ ಸ್ವರವನ್ನೆತ್ತುತ್ತದೆ.

ಇಂಥ ವಾದ್ಯದಲ್ಲಿ ಮರವೂ ಇಲ್ಲ, ತಂತಿಯೂ ಇಲ್ಲ. ನಿಜವಾದ ವಾದ್ಯ ಇರುವುದು ಒಳಗಿನ ಬರಹದಲ್ಲಿ. ಯಾವ ಗುಂಡಿ ಒತ್ತಿದರೆ ಏನಾಗಬೇಕು, ಸ್ವರದ ಅಲೆ ಹೇಗೆ ಏಳಬೇಕು, ಹೇಗೆ ಇಳಿಯಬೇಕು ಎಂಬ ಆಜ್ಞೆಗಳ ದೊಡ್ಡ ಕಂತೆ ಅದು. ಎಂಜಿನಿಯರು ಬರೆದ ಮೂಲರೂಪಕ್ಕೆ ಸೋರ್ಸ್ ಕೋಡ್ ಎನ್ನುತ್ತಾರೆ. ನಾವು ಮೂಲಬರಹ ಎನ್ನೋಣ. ವಾದ್ಯ ಮಾರುವಾಗ ಮೂಲಬರಹವನ್ನು ಕೊಡುವುದಿಲ್ಲ. ಯಂತ್ರಕ್ಕೆ ಮಾತ್ರ ತಿಳಿಯುವ ಅಂಕಿಗಳಾಗಿ ಅದನ್ನು ಅರೆದು ಒಳಗೆ ಇಟ್ಟು ಮುಚ್ಚುತ್ತಾರೆ. ಹೋಳಿಗೆ ಮಾರುತ್ತಾರೆ, ಹೂರಣದ ಲೆಕ್ಕ ಹೇಳುವುದಿಲ್ಲ. ಹೋಳಿಗೆಗಾದರೆ ನಷ್ಟವಿಲ್ಲ, ತಿಂದರೆ ಮುಗಿಯಿತು. ವಾದ್ಯ ಇಪ್ಪತ್ತು ವರ್ಷ ಬಾಳಬೇಕಾದದ್ದು. ಕಂಪನಿಯ ಆಸಕ್ತಿ ಐದು ವರ್ಷ ಬಾಳಿದರೆ ಹೆಚ್ಚು.

2023ರಲ್ಲಿ ನಡೆದದ್ದು

ಡೆಲ್ಯೂಜ್ ಕೂಡ ಮೊದಲು ಮುಚ್ಚಿದ ಪೆಟ್ಟಿಗೆಯೇ. 2017ರ ಸುಮಾರಿಗೆ ಅದು ಸಂಗೀತಗಾರರ ಕೈಸೇರಿತು. ಒಳಗಿನ ಬರಹದ ಬಹುಪಾಲು ರೋಹನ್ ಹಿಲ್ ಎಂಬೊಬ್ಬ ಎಂಜಿನಿಯರನ ದುಡಿಮೆ. ಕೊಂಡವರು ಅದು ಬೇಕು, ಇದು ಬೇಕು ಎಂದು ಕೇಳುತ್ತಲೇ ಇದ್ದರು. ಒಬ್ಬನ ಹತ್ತು ಬೆರಳು ಎಷ್ಟು ಮಂದಿಗೆ ಸಾಕಾದೀತು? 2023ರಲ್ಲಿ ಕಂಪನಿ ತನ್ನ ಮೂಲಬರಹವನ್ನು ಜಗತ್ತಿನ ಮುಂದೆ ತೆರೆದಿಟ್ಟಿತು. ಯಾರು ಬೇಕಾದರೂ ಓದಲಿ, ತಿದ್ದಲಿ, ತಿದ್ದಿದ್ದನ್ನು ತಮ್ಮ ವಾದ್ಯಕ್ಕೆ ಹಾಕಿಕೊಳ್ಳಲಿ, ಇನ್ನೊಬ್ಬರಿಗೆ ಹಂಚಲಿ ಎಂದಿತು. ಇದನ್ನೇ ಓಪನ್ ಸೋರ್ಸ್ ಎಂದು ಕರೆಯುವುದು.

ಫಲ ಏನಾಯಿತು? ಬೇರೆಬೇರೆ ದೇಶಗಳ ಬಳಕೆದಾರರು ಹೊಲದಲ್ಲಿ ಮುಯ್ಯಾಳು ಕೂಡಿದಂತೆ ಕೂಡಿದರು. 2024ರಲ್ಲಿ ಅವರು ಸಿದ್ಧಪಡಿಸಿದ ತಂತ್ರಾಂಶದ ಮೊದಲ ಪೂರ್ಣ ಆವೃತ್ತಿ ಹೊರಬಂತು. ಅದರ ಹಿಂದೆಯೇ ಮತ್ತೆ ಆವೃತ್ತಿಗಳು ಬಂದವು. ಹಳೆಯ ಪೆಟ್ಟಿಗೆ, ಹಳೆಯ ಗುಂಡಿಗಳು, ಆದರೆ ಕೊಂಡ ದಿನ ಇಲ್ಲದ ಶಕ್ತಿಗಳು. ಯಾರೂ ಹೊಸ ವಾದ್ಯ ಕೊಳ್ಳಬೇಕಾಗಲಿಲ್ಲ. ವರ್ಷ ಕಳೆದಂತೆ ಸರಕು ಹಳತಾಗಿ ಮೂಲೆಗೆ ಬೀಳುವುದೇ ಲೋಕದ ವಾಡಿಕೆ ಎಂದು ನಮಗೆ ಹೇಳಿಕೊಟ್ಟಿದ್ದಾರಲ್ಲ, ಇಲ್ಲಿ ವರ್ಷ ಕಳೆದಂತೆ ವಾದ್ಯ ಬಲಿಯಿತು.

ತೆರೆದದ್ದು ತಂತ್ರಾಂಶವನ್ನು. ಪೆಟ್ಟಿಗೆ ಮಾಡಿ ಮಾರುವ ಉದ್ಯೋಗವನ್ನು ಕಂಪನಿ ಬಿಟ್ಟುಕೊಡಲಿಲ್ಲ, ಬಿಡಬೇಕಾಗಿಯೂ ಇರಲಿಲ್ಲ. ಇದನ್ನು ದಾನವೆಂದು ಕೊಂಡಾಡುವವರೂ ಇದ್ದಾರೆ. ನಾವು ಹಾಗೆನ್ನುವುದಿಲ್ಲ. ಕೊಂಡವನಿಗೆ ಸಲ್ಲಬೇಕಾದದ್ದು ಸಂದಿದೆ, ಅಷ್ಟೆ. ಸಲ್ಲಬೇಕಾದದ್ದನ್ನು ಸಲ್ಲಿಸಿದವನನ್ನು ಮೆಚ್ಚೋಣ, ಸಲ್ಲಿಸದವರನ್ನು ಕೇಳೋಣ.

ಮಾಡಿದವನು ಏನು ತಿನ್ನಬೇಕು?

ಇಲ್ಲಿ ವಿರೋಧಿಗಳು ಎದ್ದು ನಿಲ್ಲುತ್ತಾರೆ. ಮೂಲಬರಹ ಹಂಚಿಬಿಟ್ಟರೆ ಮಾಡಿದವನು ಏನು ತಿನ್ನಬೇಕು? ಶ್ರಮಕ್ಕೆ ಬೆಲೆ ಬೇಡವೆ? ಶ್ರಮದ ಹೆಸರನ್ನು ಇವರ ಬಾಯಲ್ಲಿ ಕೇಳುವುದೇ ನಮಗೊಂದು ಹಬ್ಬ! ಆದರೂ ಪ್ರಶ್ನೆ ನ್ಯಾಯವಾದದ್ದು, ಉತ್ತರ ಕೊಡಲೇಬೇಕು.

ಮಗ್ಗದಿಂದಲೇ ಶುರುಮಾಡೋಣ. ಫ್ರಾನ್ಸಿನ ಲಿಯಾನ್ ನಗರದ ಜೋಸೆಫ್ ಮೇರಿ ಜಕಾರ್ಡ್ ತೂತಿನ ರಟ್ಟಿನಿಂದ ಚಿತ್ತಾರ ನೇಯುವ ಮಗ್ಗವನ್ನು 1804ರ ಹೊತ್ತಿಗೆ ತಂದ. ಫ್ರೆಂಚ್ ಸರಕಾರ ಅದನ್ನು ಒಬ್ಬನ ಗುತ್ತಿಗೆಗೆ ಬಿಡಲಿಲ್ಲ. ಕೆಲವೇ ವರ್ಷಗಳಲ್ಲಿ ಅದು ಸಾರ್ವಜನಿಕರ ಸ್ವತ್ತೆಂದು ಸಾರಿ, ಜಕಾರ್ಡನಿಗೆ ಪಿಂಚಣಿಯನ್ನೂ ಮಗ್ಗವೊಂದಕ್ಕೆ ಇಂತಿಷ್ಟು ಎಂಬ ಸಂಭಾವನೆಯನ್ನೂ ಕಟ್ಟಿಕೊಟ್ಟಿತು. ಜಕಾರ್ಡ್ ಉಪವಾಸ ಬೀಳಲಿಲ್ಲ. ಮಗ್ಗ ಸಾವಿರಗಟ್ಟಲೆ ಹರಡಿತು. ಇನ್ನೂರು ವರ್ಷಗಳ ಹಿಂದೆ ಒಬ್ಬ ಚಕ್ರವರ್ತಿಯ ಆಡಳಿತಕ್ಕೆ ಹೊಳೆದ ದಾರಿ ಇಂದಿನ ಪ್ರಜಾಸರಕಾರಗಳಿಗೆ ಹೊಳೆಯಬಾರದೆ?

ವಾದ್ಯಲೋಕದಲ್ಲೇ ಎರಡು ದಾರಿಗಳ ಹೋಲಿಕೆ ಇದೆ. ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ಜಾನ್ ಚೌನಿಂಗ್ ಎಂಬ ಸಂಗೀತಗಾರ 1967ರಲ್ಲಿ ಸ್ವರ ಹುಟ್ಟಿಸುವ ಹೊಸ ವಿಧಾನವೊಂದನ್ನು ಕಂಡುಕೊಂಡ. ಅದರ ಮೇಲೆ ಪೇಟೆಂಟ್ ಪಡೆದ ವಿಶ್ವವಿದ್ಯಾಲಯ ಜಪಾನಿನ ಯಮಾಹಾ ಕಂಪನಿಗೆ ಹಕ್ಕು ಕೊಟ್ಟಿತು. 1983ರಲ್ಲಿ ಬಂದ ಯಮಾಹಾ ಡಿಎಕ್ಸ್7 ಒಂದೂವರೆ ಲಕ್ಷಕ್ಕೂ ಮಿಕ್ಕಿ ಮಾರಾಟವಾಯಿತು. ವಿಶ್ವವಿದ್ಯಾಲಯಕ್ಕೆ ಎರಡು ಕೋಟಿ ಡಾಲರಿಗೂ ಹೆಚ್ಚು ಹಣ ಬಂತು. ಅದೇ 1983ರಲ್ಲಿ ಇನ್ನೊಂದು ಕೆಲಸವೂ ನಡೆಯಿತು. ರೋಲಂಡ್ ಕಂಪನಿಯ ಇಕುತಾರೊ ಕಾಕೆಹಾಶಿ ಮತ್ತು ಸೀಕ್ವೆನ್ಷಿಯಲ್ ಕಂಪನಿಯ ಡೇವ್ ಸ್ಮಿತ್ ಮುಂದೆ ನಿಂತು, ಒಂದು ಕಂಪನಿಯ ವಾದ್ಯ ಇನ್ನೊಂದು ಕಂಪನಿಯ ವಾದ್ಯದೊಡನೆ ಮಾತಾಡಲು ಮಿಡಿ ಎಂಬ ಸಮಾನ ಭಾಷೆಯನ್ನು ಬಳಕೆಗೆ ತಂದರು. ಅದಕ್ಕೆ ಪರವಾನಗಿ ಶುಲ್ಕ ಇಡಲಿಲ್ಲ. ಪೈಪೋಟಿಯ ಅಂಗಡಿಗಳವರು ಕೂಡಿ ಒಂದೇ ಸೇರು, ಒಂದೇ ಮೊಳ ಒಪ್ಪಿಕೊಂಡಂತೆ ಆಯಿತು. 2013ರಲ್ಲಿ ಅವರಿಬ್ಬರಿಗೂ ಇದಕ್ಕಾಗಿ ಗ್ರ್ಯಾಮಿ ಸಂಸ್ಥೆಯ ತಾಂತ್ರಿಕ ಪುರಸ್ಕಾರ ಸಂದಿತು.

ಪೇಟೆಂಟಿನ ಅವಧಿ 1990ರ ದಶಕದಲ್ಲಿ ತೀರಿತು. ಮಿಡಿ ನಾಲ್ಕು ದಶಕ ದಾಟಿಯೂ ಜಗತ್ತಿನ ವಾದ್ಯಗಳನ್ನು ಜೋಡಿಸುತ್ತಿದೆ. 1983ರ ಪೆಟ್ಟಿಗೆಯೂ ಇಂದಿನ ಪೆಟ್ಟಿಗೆಯೂ ಒಂದು ತಂತಿಯಲ್ಲಿ ಮಾತಾಡಬಲ್ಲವು. ಬೀಗ ಹಾಕದ ಕಾರಣ ಈ ಎರಡು ಕಂಪನಿಗಳ ವಾದ್ಯಗಳು ಮಾರಾಟವಾಗದೆ ಉಳಿದವೆ? ಇಲ್ಲ, ಒಂದಕ್ಕೊಂದು ಜೋಡಿಸಬಹುದೆಂದೇ ಜನ ಒಂದರ ಮೇಲೊಂದು ಕೊಂಡರು. ಇನ್ನೂ ಒಂದು ಮಾತು: ಡೆಲ್ಯೂಜಿನ ಬರಹ ತೆರೆದ ಮೇಲೆ ಬಳಕೆದಾರರು ಅದಕ್ಕೆ ಸೇರಿಸಿದ ಶಕ್ತಿಗಳಲ್ಲಿ ಹಳೆಯ ಡಿಎಕ್ಸ್7ರ ಸ್ವರಗಳನ್ನು ನುಡಿಸುವುದೂ ಒಂದು. ಒಂದು ಕಾಲದಲ್ಲಿ ಕೋಟಿ ಡಾಲರಿನ ಬೀಗದೊಳಗಿದ್ದ ಸ್ವರ ಇಂದು ಹಂಚಿ ತಿನ್ನುವ ಬುತ್ತಿಯಾಗಿದೆ.

ಕಂಪನಿ ಮುಚ್ಚಿದರೆ?

ಪ್ಯಾರಿಸಿನ ಎಮಿಲಿ ಗಿಲೆ ಎಂಬ ಎಂಜಿನಿಯರ್ ಮ್ಯೂಟಬಲ್ ಇನ್‌ಸ್ಟ್ರುಮೆಂಟ್ಸ್ ಎಂಬ ಹೆಸರಿನಲ್ಲಿ ವಾದ್ಯಗಳನ್ನು ಮಾಡುತ್ತಿದ್ದರು. ಮೂಲಬರಹವನ್ನೂ ವಿದ್ಯುತ್ ನಕ್ಷೆಯನ್ನೂ ಎಲ್ಲರಿಗೂ ತೆರೆದಿಟ್ಟರು. ಅವರ ಅಂಗಡಿ 2022ರಲ್ಲಿ ಮುಚ್ಚಿತು. ಮುಚ್ಚಿದ ಪೆಟ್ಟಿಗೆಯ ಕಂಪನಿಯಾಗಿದ್ದರೆ ಅಂದಿಗೇ ಆ ವಾದ್ಯಗಳ ಆಯುಷ್ಯ ತೀರುತ್ತಿತ್ತು. ಆದರೆ ನಕ್ಷೆ ಜನರ ಕೈಯಲ್ಲಿದ್ದ ಕಾರಣ ಬೇರೆ ಕುಶಲಕರ್ಮಿಗಳು ಅವನ್ನು ಮಾಡುತ್ತಲೇ ಇದ್ದಾರೆ, ಕೆಟ್ಟವನ್ನು ರಿಪೇರಿ ಮಾಡುತ್ತಲೂ ಇದ್ದಾರೆ. ಅಂಗಡಿ ಮುಚ್ಚಿದರೂ ಊರ ಬಾವಿ ಬತ್ತಲಿಲ್ಲ.

ತೆರೆದ ನಕ್ಷೆಯನ್ನು ದೊಡ್ಡ ಕಂಪನಿ ಎತ್ತಿಕೊಂಡು ಅಗ್ಗಕ್ಕೆ ಮಾಡಿ ಚಿಕ್ಕವನ ಹೊಟ್ಟೆಯ ಮೇಲೆ ಹೊಡೆಯುವುದಿಲ್ಲವೆ? ಹೊಡೆಯಬಹುದು. ವಾದ್ಯಲೋಕದಲ್ಲಿ ಅಂಥದು ನಡೆದೂ ಇದೆ. ಅದಕ್ಕೇ ತೆರೆಯುವಾಗಲೂ ಕರಾರು ಬೇಕು. ಅಮೆರಿಕದ ರಿಚರ್ಡ್ ಸ್ಟಾಲ್ಮನ್ 1983ರಲ್ಲಿ ಮುಕ್ತ ತಂತ್ರಾಂಶದ ಕೆಲಸಕ್ಕೆ ಕರೆಕೊಟ್ಟು, 1989ರಲ್ಲಿ ಜಿಪಿಎಲ್ ಎಂಬ ಕರಾರುಪತ್ರವನ್ನು ಹೊರತಂದ. ಅದರ ಸಾರ ಹಳ್ಳಿಯವನಿಗೂ ತಿಳಿಯುವಂಥದು: ಊರ ಕಣದಿಂದ ಬೀಜ ಒಯ್ದವನು ಬೆಳೆ ಹಂಚುವಾಗ ಬೀಜವನ್ನೂ ಹಂಚಬೇಕು. ಅಂದರೆ, ಈ ಬರಹವನ್ನು ತಿದ್ದಿ ಇತರರಿಗೆ ಕೊಡುವವನು ತಾನು ತಿದ್ದಿದ ಮೂಲಬರಹವನ್ನೂ ಕೊಡಲೇಬೇಕು. 2007ರ ಮೂರನೆಯ ಆವೃತ್ತಿ ಇನ್ನೊಂದು ಹೆಜ್ಜೆ ಮುಂದೆ ಹೋಯಿತು. ಮನೆಬಳಕೆಯ ಯಂತ್ರವನ್ನು ಮಾರುವವನು ಬರಹ ಕೊಟ್ಟಂತೆ ನಟಿಸಿ, ತಿದ್ದಿದ್ದನ್ನು ಯಂತ್ರಕ್ಕೆ ಹಾಕಲು ಬಿಡದೆ ಗುಪ್ತ ಬೀಗ ಇಡುವಂತಿಲ್ಲ. ಡೆಲ್ಯೂಜಿನ ಬರಹ ತೆರೆದದ್ದು ಈ ಮೂರನೆಯ ಕರಾರಿನ ಕೆಳಗೆ. ಕರಾರಿಲ್ಲದ ಔದಾರ್ಯ ಬೇಲಿಯಿಲ್ಲದ ಹೊಲ. ಯಾರ ಎಮ್ಮೆ ಮೊದಲು ನುಗ್ಗುತ್ತದೆಂದು ಹೇಳಬೇಕಾಗಿಲ್ಲ.

ಇನ್ನೊಂದು ಆಕ್ಷೇಪ ಪಂಡಿತರದು. ಹಾಡುವವನಿಗೆ ಈ ಮೂಲಬರಹ ಏಕೆ? ಅವನು ಓದಬಲ್ಲನೆ? ಓದಲಾರ. ಪೇಟಿ ಬಾರಿಸುವ ಎಲ್ಲರೂ ರೀಡು ಕೆರೆಯಬಲ್ಲರೆ? ಕೆರೆಯಬಲ್ಲವನ ಬಳಿ ಒಯ್ಯುತ್ತಾರೆ. ಆತ ಸರಿಮಾಡಿಕೊಡುತ್ತಾನೆ, ನಾಲ್ಕು ಕಾಸು ಸಂಪಾದಿಸುತ್ತಾನೆ. ಬಿಚ್ಚುವ ಹಕ್ಕು ಎಲ್ಲರಿಗೂ ಇದ್ದರೆ ಬಿಚ್ಚಬಲ್ಲವನು ಊರಲ್ಲಿ ಹುಟ್ಟುತ್ತಾನೆ. ಹಕ್ಕೇ ಇಲ್ಲದಿದ್ದರೆ ಆ ಕಸುಬೇ ಹುಟ್ಟುವುದಿಲ್ಲ. ಪೇಟೆಯ ಮೂಲೆಯ ರೇಡಿಯೋ ರಿಪೇರಿಯವನ ಅಂಗಡಿ ಏಕೆ ಮುಚ್ಚಿತೆಂದು ಒಮ್ಮೆ ಯೋಚಿಸಿ ನೋಡಿ.

ಯಂತ್ರ ಕೂಲಿ ಕಸಿದುಕೊಳ್ಳುವುದಿಲ್ಲವೆ?

ಈ ಪ್ರಶ್ನೆಯನ್ನು ನಮ್ಮ ಕಾರ್ಮಿಕ ಬಂಧುಗಳೇ ಕೇಳುತ್ತಾರೆ, ಕೇಳಬೇಕು. ಒಂದು ಪೆಟ್ಟಿಗೆ ಡೋಲು, ತಂತಿ, ಕೊಳಲು ಎಲ್ಲವನ್ನೂ ನುಡಿಸಿದರೆ ನುಡಿಸುವವರ ಗತಿ ಏನು? 1982ರಲ್ಲಿ ಬ್ರಿಟನ್ನಿನ ಸಂಗೀತಗಾರರ ಸಂಘದ ಮಧ್ಯ ಲಂಡನ್ ಶಾಖೆ ಇದೇ ಭಯದಿಂದ ವಿದ್ಯುನ್ಮಾನ ವಾದ್ಯಗಳನ್ನೂ ತಾಳಯಂತ್ರಗಳನ್ನೂ ನಿಷೇಧಿಸಬೇಕೆಂದು ನಿರ್ಣಯ ಮಾಡಿತು. ಇಡೀ ಸಂಘ ಅದನ್ನು ತನ್ನ ನೀತಿಯಾಗಿ ಒಪ್ಪಲಿಲ್ಲ. ಜನ ನಕ್ಕರು. ನಾವು ನಗುವುದಿಲ್ಲ. ಲಿಯಾನಿನ ನೇಕಾರರೂ ಜಕಾರ್ಡ್ ಮಗ್ಗ ಬಂದಾಗ ಸಿಟ್ಟಿಗೆದ್ದಿದ್ದರು. ಆ ಭಯದಲ್ಲಿ ಹುರುಳಿತ್ತು. ರಂಗದ ಮುಂದೆ ಹತ್ತು ಜನ ಕೂರುತ್ತಿದ್ದ ಕಡೆ ಒಬ್ಬನೇ ಕೂತದ್ದನ್ನು ನಾವೂ ಕಂಡಿದ್ದೇವೆ.

ಆದರೆ ನಿಷೇಧದಿಂದ ಯಂತ್ರ ನಿಲ್ಲಲಿಲ್ಲ. ಹಿಡಿಯಬೇಕಾದ ಜುಟ್ಟು ಬೇರೆ. ಯಂತ್ರ ಮುಚ್ಚಿದ್ದಾದರೆ ನುಡಿಸುವವನ ಕೂಲಿ ದೂರದ ಕಂಪನಿಗೆ ಹೋಗುತ್ತದೆ, ಊರಿಗೆ ತಿರುಗಿ ಬರುವುದಿಲ್ಲ. ಯಂತ್ರ ತೆರೆದದ್ದಾದರೆ ಅದನ್ನು ಜೋಡಿಸುವವನು, ರಿಪೇರಿ ಮಾಡುವವನು, ಊರ ತಾಳಕ್ಕೆ ಒಗ್ಗಿಸುವವನು, ಕಲಿಸುವವನು, ಬಿಡಿಭಾಗ ಮಾರುವ ಅಂಗಡಿಯವನು, ಇಷ್ಟು ಜನರಿಗೆ ಅನ್ನವಿದೆ. ಕಳೆದುಹೋದ ಎಲ್ಲ ಕೂಲಿ ಮರಳುತ್ತದೆಂದು ನಾವು ಸುಳ್ಳು ಭರವಸೆ ಕೊಡುವುದಿಲ್ಲ. ಕೊನೆಯ ತುತ್ತೂ ಊರು ಬಿಟ್ಟುಹೋಗದಂತೆ ತಡೆಯಬಹುದು ಎಂಬುದು ಮಾತ್ರ ಖಂಡಿತ.

ನಮ್ಮ ಸ್ವರ, ಪರರ ಅಳತೆ

ಸ್ವರದ ಮಾತಿಗೆ ಬರೋಣ. ವಿದೇಶದ ಕೀಲಿಮಣೆ ಸಪ್ತಕವನ್ನು 12 ಸಮಪಾಲು ಮಾಡಿಕೊಂಡಿದೆ. ನಮ್ಮ ರಾಗಗಳು ಆ ಹನ್ನೆರಡು ಮನೆಗಳಲ್ಲಿ ನೇರ ಕೂರುವುದಿಲ್ಲ. ಒಂದು ರಾಗದ ಗಾಂಧಾರ ಇನ್ನೊಂದು ರಾಗದ ಗಾಂಧಾರವಲ್ಲ, ಸ್ವರದಿಂದ ಸ್ವರಕ್ಕೆ ಜಾರುವ ಗಮಕವೇ ಜೀವ. ಈ ಕಾರಣಕ್ಕೇ ಆಕಾಶವಾಣಿ 1940ರಲ್ಲಿ ಹಾರ್ಮೋನಿಯಮ್ಮನ್ನು ಹೊರಗಿಟ್ಟಿತು. ಆ ಬಾಗಿಲು ತೆರೆಯಲು 1971ರವರೆಗೆ ಕಾಯಬೇಕಾಯಿತು. ಅಷ್ಟರಲ್ಲಿ ಜನ ಸುಮ್ಮನೆ ಕೂತಿರಲಿಲ್ಲ. 1842ರಲ್ಲಿ ಫ್ರಾನ್ಸಿನ ಡೆಬೇನ್ ಪೇಟೆಂಟ್ ಪಡೆದ ಆ ಕಾಲ್ತಿದಿಯ ವಾದ್ಯವನ್ನು ಕಲ್ಕತ್ತೆಯ ದ್ವಾರಕಾನಾಥ ಘೋಷ್ 1875ರಲ್ಲಿ ನೆಲದ ಮೇಲೆ ಕೂತು ಕೈಯಿಂದ ನುಡಿಸುವ ಪೇಟಿಯಾಗಿ ಮಾರ್ಪಡಿಸಿದ್ದ. ಅದನ್ನು ಊರೂರಿನ ಬಡಿಗರು ಬಿಚ್ಚಿದರು, ಮಾಡಿದರು, ತಿದ್ದಿದರು. ಗುಡಿಯ ಭಜನೆಗೂ ಕಂಪನಿ ನಾಟಕಕ್ಕೂ ಅದು ನಮ್ಮದೇ ಆಯಿತು. ಬಿಚ್ಚಲು ಬಾರದ ಪೆಟ್ಟಿಗೆಯಾಗಿ ಬಂದಿದ್ದರೆ ಅದು ಸಾಹೇಬರ ದಿವಾನಖಾನೆಯಲ್ಲೇ ಧೂಳು ತಿನ್ನುತ್ತಿತ್ತು.

ವಿದ್ಯುನ್ಮಾನ ಯುಗದಲ್ಲೂ ನಮ್ಮವರು ಹಿಂದೆ ಬಿದ್ದಿಲ್ಲ. ಬೆಂಗಳೂರಿನಲ್ಲಿ ಕೊಳಲು ವಾದಕರೂ ಎಂಜಿನಿಯರರೂ ಆದ ಜಿ. ರಾಜನಾರಾಯಣ ಅವರು 1970ರ ದಶಕದ ಕೊನೆಯ ಹೊತ್ತಿಗೇ ವಿದ್ಯುನ್ಮಾನ ತಂಬೂರಿಯನ್ನು ರೂಪಿಸಿ ರಾಡೆಲ್ ಸಂಸ್ಥೆಯ ಮೂಲಕ ಮನೆಮನೆಗೆ ಮುಟ್ಟಿಸಿದರು. ತಂಬೂರಿ ಹೊರಲಾರದ, ಮೀಟುವವರನ್ನು ಇಡಲಾರದ ಸಾವಿರಾರು ವಿದ್ಯಾರ್ಥಿಗಳಿಗೆ ಶ್ರುತಿ ಸಿಕ್ಕಿತು. ಬೇಕಾದ್ದನ್ನು ಬೇಕಾದಂತೆ ಮಾಡುವ ಬುದ್ಧಿ ಈ ನಾಡಿನಲ್ಲಿ ಇದೆ ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಡ. ಆ ಬುದ್ಧಿ ಮುಂದಿನ ಹೆಜ್ಜೆ ಇಡಬೇಕಾದರೆ ಕೈಗೆ ತೆರೆದ ಉಪಕರಣ ಬೇಕು. ಮುಚ್ಚಿದ ವಾದ್ಯದಲ್ಲಿ ಶ್ರುತಿಯನ್ನು ಕೂದಲೆಳೆಯಷ್ಟು ಸರಿಸಲು ತಯಾರಕ ಎಡೆ ಕೊಟ್ಟರೆ ಉಂಟು, ಕೊಡದಿದ್ದರೆ ಇಲ್ಲ. ತೆರೆದ ವಾದ್ಯದಲ್ಲಿ ಕಲಬುರಗಿಯ ಹುಡುಗಿಯೊಬ್ಬಳು ತನ್ನ ಗುರುವಿನ ತೋಡಿ ರಾಗಕ್ಕೆ ತಕ್ಕ ಸ್ವರಸ್ಥಾನವನ್ನು ತಾನೇ ಬರೆದುಕೊಳ್ಳಬಹುದು, ಏಳು ಅಕ್ಷರದ ಮಿಶ್ರಛಾಪನ್ನು ತಾನೇ ಕೂರಿಸಬಹುದು, ಪರದೆಯ ಮೇಲಿನ ಇಂಗ್ಲಿಷ್ ಮಾತುಗಳನ್ನು ಕನ್ನಡ ಮಾಡಬಹುದು. ಯಾರ ಅಪ್ಪಣೆಯೂ ಬೇಡ.

ಬೆಲೆ ಯಾರ ಕೈಗೆ ಎಟಕುತ್ತದೆ?

ಡೆಲ್ಯೂಜಿನ ಬೆಲೆ ನಮ್ಮ ರೂಪಾಯಿಗೆ ಇಳಿಸಿದರೆ ಗಿರಣಿ ಕಾರ್ಮಿಕನ ಹಲವು ತಿಂಗಳ ಸಂಬಳ. ತೆರೆದ ಬರಹ ತುಂಬಿದ ದುಬಾರಿ ಪೆಟ್ಟಿಗೆ ಬಡವನಿಗೆ ಇನ್ನೂ ದೂರದ ಬೆಟ್ಟವೇ. ಇದನ್ನು ಮುಚ್ಚಿಟ್ಟು ಗುಣಗಾನ ಮಾಡುವುದು ನಮ್ಮ ಧರ್ಮವಲ್ಲ.

ಆದರೆ ತೆರೆದ ಬರಹಕ್ಕೆ ಒಂದು ಗುಣವಿದೆ: ಅದು ಅಗ್ಗದ ಪೆಟ್ಟಿಗೆಯನ್ನು ಹುಡುಕಿಕೊಂಡು ಹೋಗುತ್ತದೆ. ಮಿಲ್ಲರ್ ಪಕೆಟ್ 1990ರ ದಶಕದಲ್ಲಿ ತಂದ ಪ್ಯೂರ್ ಡೇಟಾ, ಜೇಮ್ಸ್ ಮೆಕಾರ್ಟ್ನಿ 1996ರಲ್ಲಿ ತಂದು 2002ರಲ್ಲಿ ಮುಕ್ತಗೊಳಿಸಿದ ಸೂಪರ್‌ಕೊಲೈಡರ್, ಇವೆರಡೂ ಸ್ವರ ಕಟ್ಟುವ ತಂತ್ರಾಂಶಗಳು, ಕಾಸು ಕೊಡಬೇಕಾಗಿಲ್ಲ. ಬ್ರಿಟನ್ನಿನಲ್ಲಿ 2012ರಲ್ಲಿ ಬಂದ ರಾಸ್ಪ್‌ಬೆರಿ ಪೈ ಎಂಬ ಅಂಗೈಯಗಲದ ಕಂಪ್ಯೂಟರಿನ ಮೇಲೆ ಇವು ನಡೆಯುತ್ತವೆ. ಅದೇ ಹಲಗೆಯ ಮೇಲೆ ಜಿಂಥಿಯನ್ ಎಂಬ ಪೂರ್ಣ ವಾದ್ಯವನ್ನೇ ಕಟ್ಟಿ ಬರಹವನ್ನು ತೆರೆದಿಟ್ಟಿದ್ದಾರೆ. ಇನ್ನೂ ಚಿಕ್ಕದು ರಾಸ್ಪ್‌ಬೆರಿ ಪೈ ಪಿಕೊ. 2021ರಲ್ಲಿ ಹೊರಬಂದಾಗ ಅದರ ಬೆಲೆ 4 ಡಾಲರ್. ಜೇಬಿನಲ್ಲಿ ಹಿಡಿಯುವ ಪಿಕೊಟ್ರ್ಯಾಕರ್ ಎಂಬ ತೆರೆದ ವಾದ್ಯವನ್ನು ಮೊದಲು ಕಟ್ಟಿದ್ದು ಅದರ ಮೇಲೆಯೇ. ಪರದೆ, ಗುಂಡಿ, ಬ್ಯಾಟರಿ ಸೇರಿದರೆ ಖರ್ಚು ಏರುತ್ತದೆ ನಿಜ. ಆದರೂ ಇದು ತಿಂಗಳುಗಟ್ಟಲೆ ಸಂಬಳದ ಮಾತಲ್ಲ. ಐಟಿಐ ಓದಿದ ಹುಡುಗ ಬೆಸುಗೆ ಕಡ್ಡಿ ಹಿಡಿದು ಜೋಡಿಸುವ ಕೆಲಸ.

ಸರಕಾರವನ್ನು ಏನು ಕೇಳಬೇಕು?

ಕೇಂದ್ರ ಸರಕಾರ 2022ರ ಜುಲೈಯಲ್ಲಿ ರಿಪೇರಿಯ ಹಕ್ಕಿನ ವಿಚಾರಕ್ಕೆ ಸಮಿತಿ ನೇಮಿಸಿತು, ಆ ವರ್ಷದ ಡಿಸೆಂಬರಿನಲ್ಲಿ ಒಂದು ಜಾಲತಾಣ ತೆರೆಯಿತು. ಆರಿಸಿಕೊಂಡ ವಿಭಾಗಗಳು ನಾಲ್ಕು: ಕೃಷಿ ಯಂತ್ರ, ಮೊಬೈಲು ಮತ್ತು ಟ್ಯಾಬ್ಲೆಟ್ಟು, ಗೃಹೋಪಯೋಗಿ ಸಾಮಾನು, ವಾಹನ. ವಾದ್ಯದ ಹೆಸರು ಅದರಲ್ಲಿಲ್ಲ. ಜಾಲತಾಣ ತೆರೆದರೆ ಪೆಟ್ಟಿಗೆ ತೆರೆದಂತಾಗುವುದಿಲ್ಲ. ಅಮೆರಿಕದ ಕೊಲರಾಡೊ ರಾಜ್ಯ 2023ರಲ್ಲಿ ಕಾಯಿದೆಯನ್ನೇ ಮಾಡಿ, ಟ್ರ್ಯಾಕ್ಟರು ಮಾರುವವರು ರಿಪೇರಿಗೆ ಬೇಕಾದ ಬಿಡಿಭಾಗ, ಉಪಕರಣ, ಮಾಹಿತಿಗಳನ್ನು ರೈತನಿಗೆ ಒದಗಿಸಬೇಕೆಂದು ಕಟ್ಟಿಹಾಕಿತು. ಬಂಡವಾಳಗಾರರ ತವರುಮನೆಯಲ್ಲಿ ಸಾಧ್ಯವಾದದ್ದು ಇಲ್ಲಿ ಅಸಾಧ್ಯವೆ?

ಇನ್ನೊಂದು ಕಡತ 2015ರದು. ಸರಕಾರದ ಕೆಲಸಕ್ಕೆ ಓಪನ್ ಸೋರ್ಸ್ ತಂತ್ರಾಂಶಕ್ಕೆ ಆದ್ಯತೆ ಕೊಡಬೇಕೆಂದು ಕೇಂದ್ರವೇ ಅಂದು ನೀತಿ ಬರೆದಿದೆ. ಪಕ್ಕದ ಕೇರಳ ತನ್ನ ಸರಕಾರಿ ಶಾಲೆಗಳ ಕಂಪ್ಯೂಟರುಗಳನ್ನು ಮುಕ್ತ ತಂತ್ರಾಂಶದ ಮೇಲೆ ನಡೆಸುತ್ತಿದೆ. ಆದ್ದರಿಂದ ನಾವು ಹೊಸದೇನನ್ನೂ ಬೇಡುತ್ತಿಲ್ಲ. ಬರೆದದ್ದನ್ನು ಸಂಗೀತಕ್ಕೂ ಅನ್ವಯಿಸಿ ಎನ್ನುತ್ತಿದ್ದೇವೆ.

ಒಂದು: ಸಾರ್ವಜನಿಕರ ಹಣದಿಂದ ಶಾಲೆ, ಕಾಲೇಜು, ಅಕಾಡೆಮಿಗಳಿಗೆ ವಿದ್ಯುನ್ಮಾನ ವಾದ್ಯ ಕೊಳ್ಳುವಾಗ ಮೂಲಬರಹವನ್ನೂ ನಕ್ಷೆಯನ್ನೂ ಕೊಡುವವರಿಗೆ ಆದ್ಯತೆ ಕೊಡಬೇಕು. ಎರಡು: 2009ರಲ್ಲಿ ಸ್ಥಾಪನೆಯಾದ ಗಂಗೂಬಾಯಿ ಹಾನಗಲ್ ಸಂಗೀತ ವಿಶ್ವವಿದ್ಯಾಲಯವೂ ನಮ್ಮ ಪಾಲಿಟೆಕ್ನಿಕ್ಕು, ಐಟಿಐಗಳೂ ಕೂಡಿ ಶ್ರುತಿ, ತಾಳ, ಸ್ವರ ಮೂರೂ ಇರುವ ಒಂದು ಅಗ್ಗದ ಪೆಟ್ಟಿಗೆಯನ್ನು ರೂಪಿಸಿ, ಕನ್ನಡದ ಕೈಪಿಡಿಯೊಡನೆ ಅದರ ಬರಹವನ್ನು ಜಿಪಿಎಲ್ ಕರಾರಿನ ಕೆಳಗೆ ತೆರೆದಿಡಬೇಕು. ಮೂರು: ರಿಪೇರಿಯ ಹಕ್ಕಿನ ಪಟ್ಟಿಯಲ್ಲಿ ವಾದ್ಯಗಳನ್ನು ಸೇರಿಸಬೇಕು, ಪಟ್ಟಿಗೆ ಕಾಯಿದೆಯ ಬಲ ಕೊಡಬೇಕು.

ಓದುಗರು ಮಾಡಬೇಕಾದದ್ದೂ ಇದೆ. ಮಕ್ಕಳಿಗೆ ಶ್ರುತಿಪೆಟ್ಟಿಗೆಯನ್ನೋ ಕೀಬೋರ್ಡನ್ನೋ ಕೊಳ್ಳಲು ಹೋದಾಗ ಬೆಲೆ ಕೇಳುವ ಮೊದಲು ಮೂರು ಮಾತು ಕೇಳಿ. ಬ್ಯಾಟರಿ ಸತ್ತರೆ ಊರಿನಲ್ಲಿ ಬದಲಿಸಬಹುದೆ? ಒಳಗಿನ ಬರಹವನ್ನು ನಾವು ತಿದ್ದಬಹುದೆ? ಕಂಪನಿ ನಾಳೆ ಮುಚ್ಚಿದರೆ ಇದು ನುಡಿಯುತ್ತದೆಯೆ? ವಾದ್ಯ ಮಾರುವ ಅಂಗಡಿಯ ಬಂಧುಗಳೂ ಇದೇ ಮೂರು ಮಾತನ್ನು ಸಗಟು ವ್ಯಾಪಾರಿಗೆ ಕೇಳಲಿ. ಕೆಟ್ಟ ಸರಕು ತಿರುಗಿ ಬಂದಾಗ ಗಿರಾಕಿಯ ಬೈಗುಳ ತಿನ್ನುವವರು ಅವರೇ ತಾನೆ? ಒಬ್ಬ ಕೇಳಿದರೆ ನಗುತ್ತಾರೆ, ಹತ್ತು ಮಂದಿ ಕೇಳಿದರೆ ಮೇಲಿನವರಿಗೆ ಬರೆದು ತಿಳಿಸುತ್ತಾರೆ, ಊರೇ ಕೇಳಿದರೆ ಪೆಟ್ಟಿಗೆಯ ಮಾದರಿಯನ್ನೇ ಬದಲಿಸುತ್ತಾರೆ. ಗಿರಣಿಯ ಬಾಗಿಲಲ್ಲಿ ನಾವು ಕಲಿತ ಲೆಕ್ಕ ಇದು. ವಾದ್ಯದ ಅಂಗಡಿಯಲ್ಲೂ ಇದೇ ಲೆಕ್ಕ ನಡೆಯುತ್ತದೆ. ನಡೆಸಿ ತೋರಿಸೋಣ.